80ರ ಗೆರೆ ಹಾಕಿದವರು ಯಾರು?

ಪ್ರಶ್ನೆ: ಕೋಡಿನ ಸಾಲು 80 ಅಕ್ಷರ ದಾಟಬಾರದು ಅಂತಾರೆ ನಮ್ಮ ಸರ್. ಪರದೆ ಇಷ್ಟು ಅಗಲ ಇರುವಾಗ ಯಾಕೆ?
— ಡಿಪ್ಲೊಮಾ ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು

ಉತ್ತರ: ಅದು 1928ರಲ್ಲಿ ಐಬಿಎಂ ಕಂಪನಿ ತಂದ ಪಂಚ್ ಕಾರ್ಡಿನ (ತೂತು ಹೊಡೆದು ಮಾಹಿತಿ ದಾಖಲಿಸುವ ದಪ್ಪ ಕಾಗದದ ಕಾರ್ಡು) ಅಳತೆ. ಕಾರ್ಡಿನಲ್ಲಿ 80 ಕಾಲಂ, 12 ಅಡ್ಡಸಾಲು; ಒಂದು ಕಾಲಮ್ಮಿಗೆ ಒಂದು ಅಕ್ಷರ. ಒಂದು ಕಾರ್ಡಿಗೆ ಪ್ರೋಗ್ರಾಮಿನ ಒಂದೇ ಸಾಲು. ಹಳೆಯ ಪ್ರೋಗ್ರಾಮಿಂಗ್ ಭಾಷೆ ಫೋರ್ಟ್ರಾನ್‌ನಲ್ಲಿ ಸಾಲಿನ ಲೇಬಲ್ ಸಂಖ್ಯೆ ಕಾಲಂ 1ರಿಂದ 5ರೊಳಗೆ, ಹಿಂದಿನ ಸಾಲು ಮುಂದುವರಿದ ಗುರುತು 6ರಲ್ಲಿ, ಆದೇಶ 7ರಿಂದ 72ರವರೆಗೆ. ಮುಂದಿನ ಎಂಟನ್ನು ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಓದುತ್ತಲೇ ಇರಲಿಲ್ಲ. ತೊಂದರೆ ಇದ್ದದ್ದೇ ಅಲ್ಲಿ: ವೇರಿಯಬಲ್ ಹೆಸರಿನ ಕೊನೆಯಕ್ಷರ 73ಕ್ಕೆ ಜಾರಿದರೆ ತುಂಡಾದ ಹೆಸರನ್ನೇ ಹೊಸ ವೇರಿಯಬಲ್ ಎಂದು ತಕರಾರಿಲ್ಲದೆ ಒಪ್ಪಿ, ತಪ್ಪು ಲೆಕ್ಕ ಕೊಡುತ್ತಿತ್ತು.

ಆ ಎಂಟು ಕಾಲಂ ಕಾರ್ಡಿನ ಕ್ರಮಸಂಖ್ಯೆಗೆ. 10, 20, 30 ಎಂದು ಬಿಟ್ಟು ಬಿಟ್ಟು ಹಾಕಿದರೆ ನಡುವೆ ಕಾರ್ಡು ತುರುಕಬಹುದು. ಕಟ್ಟು ಕೈಜಾರಿ ಚೆಲ್ಲಿದರೆ ಕಾರ್ಡು ವಿಂಗಡಿಸುವ ಸಾರ್ಟರ್ ಯಂತ್ರದಲ್ಲಿ 80ನೇ ಕಾಲಮ್ಮಿನಿಂದ ಹಿಂದಕ್ಕೆ, ಒಂದೊಂದು ಅಂಕಿಗೆ ಒಂದೊಂದು ಸುತ್ತು. ಜಾಣರು ಕಟ್ಟಿನ ಮೇಲಂಚಿಗೆ ಓರೆಯಾಗಿ ಒಂದು ಗೆರೆಯನ್ನೂ ಎಳೆದಿಡುತ್ತಿದ್ದರು. ಗೆರೆ ಮುರಿದಲ್ಲಿ ಕಾರ್ಡು ಅದಲುಬದಲು.

ಕಾರ್ಡು ಹೋದರೂ 1978ರ ವಿಟಿ100 ಟರ್ಮಿನಲ್ (ಕಂಪ್ಯೂಟರಿಗೆ ಜೋಡಿಸುವ ಪರದೆ, ಕೀಲಿಮಣೆ) ಅದೇ 80 ಉಳಿಸಿಕೊಂಡಿತು. ಪೈಥಾನ್‌ನ ಶೈಲಿ ನಿಯಮ ಇಂದಿಗೂ 79. ನಿಮ್ಮ ಸರ್ ಹೇಳಿದ್ದು ಸರಿಯೇ: ಎರಡು ಫೈಲು ಅಕ್ಕಪಕ್ಕ ಇಟ್ಟು ನೋಡಲು ಸುಲಭ.

ಕೋಡಿನ ನಡುವೆ ಕನ್ನಡದಲ್ಲಿ ಕಾಮೆಂಟು (ಓದುವವರಿಗಾಗಿ ಬರೆವ ಟಿಪ್ಪಣಿ) ಬರೆಯುವಾಗ ಮಾತ್ರ ಎಚ್ಚರ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟು; ಅಕ್ಷರದ ಬದಲು ಬೈಟು ಎಣಿಸುವ ಹಳೆಯ ಸಲಕರಣೆಗಳಿಗೆ ‘ಕಾಸರಗೋಡು’ ಒಂದೇ ಪದ 24 ಆಗುತ್ತದೆ.