‘ಎರಡೂ ಒಂದೇ ಮೇಡಂ’ ಅಂದರೆ ನಂಬಬೇಡಿ

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ, 12 ಕೆಜಿ. ಕಿವಿ ಸೋಂಕಿಗೆ ಡಾಕ್ಟರು ಅಮಾಕ್ಸಿಸಿಲಿನ್-ಕ್ಲಾವುಲನೇಟ್ 457 ಸಿರಪ್ 5 ಎಂಎಲ್, ದಿನಕ್ಕೆರಡು ಸಲ, 7 ದಿನ ಬರೆದಿದ್ದರು. ಮೆಡಿಕಲ್ಸ್‌ನವರು 228.5 ಕೊಟ್ಟು ‘ಎರಡೂ ಒಂದೇ ಮೇಡಂ, ಕಂಪನಿ ಬೇರೆ ಅಷ್ಟೆ’ ಎಂದರು. ಮೂರು ದಿನಕ್ಕೆ ಬಾಟಲಿ ಮುಗಿಯಿತು, ಜ್ವರ ಬಿಟ್ಟಿಲ್ಲ. ಇನ್ನೂ ಸ್ಟ್ರಾಂಗ್ ಔಷಧ ಬೇಕೇ?

ಉತ್ತರ: ಮಗುವಿಗೆ ಮೂರು ದಿನ ಅರ್ಧ ಡೋಸ್ ಹೋಗಿದೆ. ಸ್ಟ್ರಾಂಗ್ ಔಷಧದ ಮಾತು ಆಮೇಲೆ.

457 ಅಂದರೆ 5 ಎಂಎಲ್‌ನಲ್ಲಿ ಅಮಾಕ್ಸಿಸಿಲಿನ್ (ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯೋಟಿಕ್) 400 ಮಿಗ್ರಾಂ, ಕ್ಲಾವುಲನೇಟ್ (ಅದಕ್ಕೆ ನೆರವಾಗುವ ಔಷಧ) 57. 228.5 ಅಂದರೆ 200 ಮತ್ತು 28.5. ಡೋಸ್ ಲೆಕ್ಕ ಹಾಕುವುದು ಅಮಾಕ್ಸಿಸಿಲಿನ್ ಮೇಲೆ. ಲೇಬಲ್ಲಿನ ದೊಡ್ಡ ಅಂಕಿ ಬರೀ ಮೊತ್ತ. ನಿಮ್ಮ ಡಾಕ್ಟರು ಬರೆದದ್ದು ದಿನಕ್ಕೆ 800 ಮಿಗ್ರಾಂ, ಅಂದರೆ ಕೆಜಿಗೆ ಸುಮಾರು 67. ಕಿವಿಯ ಒಳಭಾಗಕ್ಕೆ ಔಷಧ ಸಾಕಷ್ಟು ತಲುಪಬೇಕೆಂದೇ ಹೀಗೆ ಏರಿಸಿ ಬರೆಯುತ್ತಾರೆ. ಮಗುವಿಗೆ ಸಿಕ್ಕಿದ್ದು ಕೆಜಿಗೆ 33. ಮಾಮೂಲಿ ಸೋಂಕಿಗೆ ಕೊಡುವ 25ರಿಂದ 45ರ ಮಟ್ಟದ್ದು ಇದು, ಡಾಕ್ಟರು ಕಿವಿಗೆಂದು ಬರೆದದ್ದರ ಅರ್ಧ. ಅರ್ಧ ಡೋಸಿಗೆ ಅರ್ಧ ಗುಣವಾಗುತ್ತದೆ ಅಂದುಕೊಳ್ಳಬೇಡಿ. ಸುಲಭಕ್ಕೆ ಸಾಯುವ ಬ್ಯಾಕ್ಟೀರಿಯಾ ಸಾಯುತ್ತವೆ, ಜಿಗುಟು ಜಾತಿಯವು ಉಳಿಯುತ್ತವೆ.

ಅಂಗಡಿಯವರು ‘ಇದನ್ನ 10 ಎಂಎಲ್ ಹಾಕಿ’ ಎಂದಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಎರಡರಲ್ಲೂ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಪ್ರಮಾಣ 7ಕ್ಕೆ 1. ಆದರೆ ಇದೇ ಔಷಧದ 312.5 ಸಿರಪ್ ಕೊಟ್ಟಿದ್ದರೆ ಗುಣಾಕಾರವೂ ಕೈಹಿಡಿಯುತ್ತಿರಲಿಲ್ಲ. ಅದರಲ್ಲಿ 250ಕ್ಕೆ 62.5, ಅಂದರೆ 4ಕ್ಕೆ 1. ಅಮಾಕ್ಸಿಸಿಲಿನ್ 400 ಸಿಗಲು 8 ಎಂಎಲ್ ಹಾಕಬೇಕು, ಜೊತೆಗೆ ಕ್ಲಾವುಲನೇಟ್ 57ರ ಬದಲು 100 ಹೊಟ್ಟೆಗೆ ಹೋಗುತ್ತದೆ. ಭೇದಿ ಮಾಡಿಸುವುದು ಮುಖ್ಯವಾಗಿ ಅದೇ. ‘ಆಂಟಿಬಯೋಟಿಕ್ ನಮ್ಮ ಮಗುವಿಗೆ ಆಗೋಲ್ಲ’ ಎನ್ನುವ ದೂರಿನ ಮೂಲ ಇಂಥ ಬದಲಿ ಬಾಟಲಿಯೂ ಆಗಿರಬಹುದು.

ಈಗ ಖಾಲಿ ಬಾಟಲಿ ಹಿಡಿದುಕೊಂಡು ಅದೇ ಡಾಕ್ಟರ ಹತ್ತಿರ ಹೋಗಿ. ಮೂರನೇ ದಿನವೂ ಜ್ವರವಿದ್ದರೆ ಹೇಗೂ ಕಿವಿ ಮತ್ತೆ ನೋಡಬೇಕು. ಮನೆಯಲ್ಲೇ ಡೋಸ್ ಏರಿಸಿಕೊಳ್ಳಬೇಡಿ.

ಇನ್ನೊಂದು ಲೆಕ್ಕ ಯಾರೂ ಮಾಡುವುದಿಲ್ಲ. ದಿನಕ್ಕೆ 10 ಎಂಎಲ್‌ನಂತೆ 7 ದಿನಕ್ಕೆ 70 ಎಂಎಲ್ ಬೇಕು, ಬಾಟಲಿ 30ರದ್ದು. ಮೂರು ಬಾಟಲಿ ಕೊಳ್ಳಬೇಕು. ಬಾಟಲಿ ಮುಗಿದರೆ ಕೋರ್ಸ್ ಮುಗಿದಂತಲ್ಲ. ಬಾಟಲಿಯಲ್ಲಿರುವುದು ಪುಡಿ, ನೀರು ಹಾಕಿ ಕಲಸಬೇಕು. ಮೂರನ್ನೂ ಒಟ್ಟಿಗೆ ಕಲಸಬೇಡಿ. ಒಂದು ಮುಗಿದ ಮೇಲೆ ಇನ್ನೊಂದು. ಕಲಸಿದ್ದು ಫ್ರಿಜ್‌ನಲ್ಲಿ 7 ದಿನ, ಫ್ರೀಜರ್‌ನಲ್ಲಿ ಅಲ್ಲ.

ಕಲಸುವ ಮುಂಚೆ ಬಾಟಲಿ ತಟ್ಟಿ ತಳದ ಪುಡಿ ಸಡಿಲ ಮಾಡಿ. ಜೊತೆಗೆ ಬಂದ ನೀರು, ಇಲ್ಲವೇ ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಯ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕಿ. ನೊರೆ ಇಳಿಯಲಿ. ಆಮೇಲೆ ಗೆರೆಯವರೆಗೆ ತುಂಬಿಸಿ ಮತ್ತೆ ಕುಲುಕಿ. ನೊರೆಯನ್ನೇ ಮಟ್ಟ ಅಂದುಕೊಂಡರೆ ನೀರು ಕಮ್ಮಿಯಾಗಿ ಔಷಧ ಗಟ್ಟಿ, ಗೆರೆ ದಾಟಿದರೆ ತೆಳು. ಪ್ರತಿ ಸಲ ಕುಲುಕದೆ ಹಾಕಿದರೆ ಮೊದಲ ದಿನ ನೀರು, ಕೊನೆ ದಿನ ಗಸಿ. ಅಳೆಯಲು ಸೂಜಿಯಿಲ್ಲದ ಸಿರಿಂಜ್ ಬಳಸಿ, ಕೆನ್ನೆಯ ಒಳಬದಿಗೆ ನಿಧಾನ ಬಿಡಿ. ಅಡುಗೆಮನೆ ಚಮಚವೂ ಬೇಡ, ಅಜ್ಜಿಯ ಒಳಲೆಯೂ ಬೇಡ. ಹಾಲಿನ ಬಾಟಲಿಗೆ ಬೆರೆಸಿದರೆ, ಅರ್ಧ ಹಾಲು ಬಿಟ್ಟ ಮಗು ಅರ್ಧ ಡೋಸನ್ನೂ ಬಿಟ್ಟಂತೆ.

ಪ್ರಶ್ನೆ: ವಯಸ್ಸು 3. ಡೋಸ್ ಎಷ್ಟು?

ಉತ್ತರ: ವಯಸ್ಸಿನಿಂದ ಹೇಳಲಾಗದು. ಮೂರು ವರ್ಷದವರಲ್ಲಿ 11 ಕೆಜಿಯವರೂ ಇದ್ದಾರೆ, 17ರವರೂ ಇದ್ದಾರೆ. ತೂಕ ಇವತ್ತು ಅಳೆದದ್ದಾಗಿರಲಿ, ಕಳೆದ ವರ್ಷದ ಚೀಟಿಯದ್ದಲ್ಲ. ಅಂಗನವಾಡಿಯಲ್ಲೂ ತಕ್ಕಡಿಯಿದೆ.

ಪ್ರಶ್ನೆ: ಚಿಕ್ಕವನ ಅಮಾಕ್ಸಿಸಿಲಿನ್ ಡ್ರಾಪ್ಸ್ ಉಳಿದಿದೆ. ದೊಡ್ಡವನಿಗೆ ಸಿರಪ್ ಬದಲು ಅದನ್ನೇ ಹಾಕಬಹುದೇ?

ಉತ್ತರ: ಚೆಲ್ಲಿ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಗ್ರಾಂ, 5 ಎಂಎಲ್‌ಗೆ 125 ಇರುವ ಸಿರಪ್‌ನಲ್ಲಿ 1 ಎಂಎಲ್‌ಗೆ 25. ಅಳತೆ ಅದೇ ಇಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಮೇಲಾಗಿ ಕಲಸಿ ಎಷ್ಟು ದಿನವಾಯಿತು?

ಪ್ರಶ್ನೆ: ಸಿಂಬಳ ಹಳದಿಯಾಗಿದೆ, ಅಜಿತ್ರೋಮೈಸಿನ್ ಆಂಟಿಬಯೋಟಿಕ್ ಮೂರು ದಿನ ಸಾಕೇ?

ಉತ್ತರ: ಒಂದು ದಿನವೂ ಬೇಡ. ನೆಗಡಿ ಮಾಗುವಾಗ ಸಿಂಬಳ ಹಳದಿಯಾಗುತ್ತದೆ, ಹಸಿರೂ ಆಗುತ್ತದೆ. ಹತ್ತು ದಿನ ದಾಟಿಯೂ ಕಡಿಮೆಯಾಗದಿದ್ದರೆ, ಇಲ್ಲವೇ ಮಗು ಏದುಸಿರು ಬಿಟ್ಟರೆ ತೋರಿಸಿ. ಏದುಸಿರಿಗೆ ಹತ್ತು ದಿನ ಕಾಯಬಾರದು, ಅದೇ ಹೊತ್ತಿಗೆ ಹೊರಡಿ.

ಪ್ರಶ್ನೆ: ಔಷಧ ಕುಡಿದು ವಾಂತಿ ಮಾಡಿದರೆ?

ಉತ್ತರ: ಅರ್ಧ ಗಂಟೆಯೊಳಗಾದರೆ ಅದೇ ಡೋಸ್ ಒಂದು ಸಲ ಮತ್ತೆ. ಅದನ್ನೂ ಕಕ್ಕಿದರೆ ಡಾಕ್ಟರಿಗೆ ಫೋನ್ ಮಾಡಿ.

ಪ್ರಶ್ನೆ: ನಮ್ಮೂರಿನ ಡಾಕ್ಟರು ಒಂದು ಇಂಜೆಕ್ಷನ್ ಹಾಕಿದರೆ ಸಂಜೆಗೇ ಜ್ವರ ಇಳಿಯುತ್ತದೆ. ಸಿರಪ್ ಯಾಕೆ?

ಉತ್ತರ: ಸಂಜೆಗೇ ಇಳಿಸಿದ್ದು ಬಹುಶಃ ಜ್ವರದ ಔಷಧ, ಆಂಟಿಬಯೋಟಿಕ್ ಅಲ್ಲ. ಅವರು ಹಾಕಿದ್ದೇನು ಅಂತ ಚೀಟಿಯಲ್ಲಿ ಬರೆದುಕೊಡಲು ಕೇಳಿ ನೋಡಿ.