ಆನ್‌ಲೈನ್ ಸ್ಟೋರ್‌ನಲ್ಲೇ ಡೀಲರುಗಳಿಗೂ ಮಾರಬೇಕು, ಡಿಸ್ಕೌಂಟ್ ಕೋಡ್ ಕೊಟ್ಟರೆ ಸಾಕಾ?

ಸ್ಟೋರ್ ಆಗಲೇ ನಡೆಯುತ್ತಿದೆ, ಎಂಟು ಹತ್ತು ಡೀಲರುಗಳು ಸಿಕ್ಕಿದ್ದಾರೆ, ಎಲ್ಲರಿಗೂ ಒಂದು ಕೋಡ್ ಕೊಟ್ಟುಬಿಡಲಾ ಅಥವಾ ಹೋಲ್‌ಸೇಲ್ ಪ್ಲಗಿನ್ (ಡೀಲರಿಗೆ ಬೇರೆ ಬೆಲೆ ತೋರಿಸಲು ಸ್ಟೋರ್‌ಗೆ ಸೇರಿಸುವ ಸಾಫ್ಟ್‌ವೇರ್) ಕೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಕೋಡ್ ಕೊಡಬೇಡಿ. ನಾನು ಕೊಟ್ಟಿದ್ದೆ.

ನಾನು ಬ್ಯಾಗು ಮಾಡಿಸಿ ಮಾರುತ್ತೇನೆ. ಸ್ಟೋರ್ ಇರುವುದು ವೂಕಾಮರ್ಸ್ ಅನ್ನುವ, ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್‌ನಲ್ಲಿ. ಮೊದಲೆರಡು ವರ್ಷ ಬಿಡಿ ಗಿರಾಕಿಗಳು ಮಾತ್ರ. ಆಮೇಲೆ ಅಂಗಡಿಯವರು ಒಬ್ಬೊಬ್ಬರಾಗಿ ಕೇಳುತ್ತಾ ಬಂದು ಹನ್ನೊಂದು ಡೀಲರುಗಳಾದರು. ಆರ್ಡರ್ ಎಲ್ಲ ಫೋನಿನಲ್ಲಿ. ಯಾವ ಬಣ್ಣ ಎಷ್ಟು ಡಜನ್ ಅಂತ ಬರೆದುಕೊಂಡು ಸಾಕಾಗಿತ್ತು. ಸ್ಟೋರ್ ಇದೆಯಲ್ಲ, ಅವರೇ ಹಾಕಿಕೊಳ್ಳಲಿ ಅಂತ 35% ಕಡಿಮೆ ಮಾಡುವ ಒಂದು ಕೂಪನ್ (ಅದೇ ಡಿಸ್ಕೌಂಟ್ ಕೋಡ್) ಮಾಡಿ ಹನ್ನೊಂದು ಜನಕ್ಕೂ ಕಳಿಸಿದೆ. ಐದು ನಿಮಿಷದ ಕೆಲಸ. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು.

ಆಮೇಲೆ ಬಿಡಿ ಗಿರಾಕಿಗಳಿಗೆ ಅಂತ ಒಂದು ಸೇಲ್ ಇಟ್ಟೆ. 30% ಕಡಿತ, ಹತ್ತು ದಿನ.

ಇಲ್ಲಿ ಏನಾಯಿತು ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ತಪ್ಪಿಗೆ ನೀವೂ ಹತ್ತಿರ ಬಂದಿದ್ದೀರಿ. ಬ್ಯಾಗಿನ ಬಿಡಿ ಬೆಲೆ 100 ಅಂತ ಇಟ್ಟುಕೊಳ್ಳಿ. ನನಗೆ ಬೀಳುವ ಅಸಲು 50. ಡೀಲರಿಗೆ ಕೋಡ್ ಹಾಕಿದರೆ 65. ಸೇಲ್‌ನಲ್ಲಿ ಬಿಡಿ ಬೆಲೆ 70 ಆಯಿತು. ಕೋಡ್ ಆ 70ರ ಮೇಲೂ ಕೆಲಸ ಮಾಡಿತು. 70ರಲ್ಲಿ 35% ಹೋದರೆ ಉಳಿಯುವುದು 45.50. ಅಸಲಿಗಿಂತ ಕಡಿಮೆ! ಒಂದು ಕೂಪನ್ ಜೊತೆ ಇನ್ನೊಂದು ಸೇರಬಾರದು ಅನ್ನುವ ಟಿಕ್ ನಾನು ಹಾಕಿಯೇ ಇದ್ದೆ. ಆದರೆ ಸೇಲ್ ಬೆಲೆ ಅಂದರೆ ಕೂಪನ್ ಅಲ್ಲ, ಅದು ಬೆಲೆಯೇ. ಸೇಲ್‌ನಲ್ಲಿರುವ ಮಾಲಿಗೆ ಈ ಕೂಪನ್ ಬೇಡ ಅನ್ನುವುದಕ್ಕೆ ಬೇರೆಯದೇ ಒಂದು ಟಿಕ್ ಇದೆ. ಅದನ್ನು ನಾನು ಹಾಕಿರಲಿಲ್ಲ. ಇಬ್ಬರು ಡೀಲರುಗಳು ಆ ಹತ್ತು ದಿನದಲ್ಲಿ ಕಂತೆಗಟ್ಟಲೆ ಆರ್ಡರ್ ಹಾಕಿದರು. ಅವರದೇನೂ ತಪ್ಪಿಲ್ಲ, ಪರದೆ ಮೇಲೆ ಕಂಡ ಬೆಲೆಗೆ ಕೊಂಡರು. ಸಾಲದ್ದಕ್ಕೆ ಕೋಡ್ ಎಲ್ಲಿಂದಲೋ ಸೋರಿ ಬಿಡಿ ಗಿರಾಕಿಗಳ ಕೈಗೂ ಸಿಕ್ಕಿತು. ಹನ್ನೊಂದು ಜನಕ್ಕೆ ಒಂದೇ ಕೋಡ್ ಆದ್ದರಿಂದ ಯಾರಿಂದ ಹೋಯಿತು ಅಂತ ತಿಳಿಯುವ ದಾರಿಯೇ ಇರಲಿಲ್ಲ.

ದುಡ್ಡು ಹೋಗಿದ್ದನ್ನು ಹೇಗೋ ತಡೆದುಕೊಂಡೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ. ಹಿಂದಿನ ತಿಂಗಳು 65ಕ್ಕೆ ಮಾಲು ತೆಗೆದುಕೊಂಡು ಅಂಗಡಿ ತುಂಬಿಸಿಕೊಂಡಿದ್ದ ಡೀಲರುಗಳಿದ್ದರಲ್ಲ? ಅವರ ಗಿರಾಕಿ ಅಂಗಡಿಯಲ್ಲಿ ನಿಂತು ಮೊಬೈಲ್ ತೋರಿಸಿ, ಇದೇ ಬ್ಯಾಗು ಇಲ್ಲಿ 70ಕ್ಕೆ ಇದೆ, ನೀವು 100 ಹೇಳ್ತೀರಲ್ಲ ಅಂದರೆ ಅವರು ಏನು ಹೇಳಬೇಕು? ನನ್ನ ಮೊದಲ ಡೀಲರು, ವಯಸ್ಸಿನಲ್ಲಿ ಹಿರಿಯರು, ಫೋನ್ ಮಾಡಿದರು. ಕೂಗಾಡಲಿಲ್ಲ. "ಅಲ್ಲಪ್ಪಾ, ನನಗೆ ಮಾಲು ಮಾರಿ, ನನ್ನ ಅಂಗಡಿ ಎದುರಿಗೇ ನೀನೂ ಅಂಗಡಿ ಹಾಕಿದ ಹಾಗಾಯ್ತಲ್ಲ" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಹದಿನಾಲ್ಕು ಡಜನ್ ವಾಪಸ್ ಕಳಿಸಿದರು, ತೆಗೆದುಕೊಂಡೆ. ಇನ್ನೂ ಮೂವರು ಏನೂ ಹೇಳದೆ ಆರ್ಡರ್ ಹಾಕುವುದನ್ನೇ ನಿಲ್ಲಿಸಿದರು.

ಎಷ್ಟೋ ದಿನ ಆ ಒಂದು ಟಿಕ್ ಮರೆತದ್ದೇ ತಪ್ಪು ಅಂದುಕೊಂಡಿದ್ದೆ. ಅಲ್ಲ. ಟಿಕ್ ಹಾಕಿದ್ದರೂ ಆ ಅಂಗಡಿಯಲ್ಲಿ ಗಿರಾಕಿ ಮೊಬೈಲ್ ತೋರಿಸುತ್ತಲೇ ಇದ್ದ. ಡೀಲರನ್ನು ಡಿಸ್ಕೌಂಟ್ ಸಿಗುವ ಗಿರಾಕಿ ಅಂತ ನೋಡಿದ್ದೇ ತಪ್ಪು. ಅವನು ತನ್ನ ದುಡ್ಡನ್ನು ನನ್ನ ಮಾಲಿನ ಮೇಲೆ ಹಾಕುತ್ತಾನೆ. ಮಾರಾಟವಾಗದೆ ಉಳಿದರೆ ಹೊರೆ ಅವನದು. ಅವನ ಬೆಲೆಯನ್ನು ಬಿಡಿ ಬೆಲೆಯ ಬಾಲಕ್ಕೆ ಕಟ್ಟಬಾರದು. ಶೇಕಡಾ ಲೆಕ್ಕ ಬೇಡವೇ ಬೇಡ. ಅಸಲಿನಿಂದ ಮೇಲಕ್ಕೆ ಲೆಕ್ಕ ಹಾಕಿ, ಒಂದೊಂದು ಮಾಲಿಗೂ ಗಟ್ಟಿ ಅಂಕಿ ಬರೆದಿಡಿ. ನಿಮ್ಮ ಸೇಲ್ ಬೆಲೆ ಎಲ್ಲಿಯವರೆಗೆ ಇಳಿಯಬಹುದು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಾನೀಗ 85ಕ್ಕಿಂತ ಕೆಳಗೆ ಹೋಗುವುದಿಲ್ಲ, ಸೇಲ್ ಇಡುವ ಎರಡು ವಾರ ಮೊದಲೇ ಎಲ್ಲ ಡೀಲರುಗಳಿಗೂ ಹೇಳುತ್ತೇನೆ.

ಪ್ಲಗಿನ್ ವಿಷಯ. ಎಂಟು ಹತ್ತು ಡೀಲರುಗಳಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಅವರೇ ಆರ್ಡರ್ ಹಾಕಿಕೊಳ್ಳಬೇಕು ಅನ್ನುವ ಆಸೆಯನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ಅವರು ಫೋನ್ ಮಾಡುವುದು ಬೆಲೆ ನೋಡಲು ಬರದೆ ಅಲ್ಲ. ಯಾವುದು ಓಡ್ತಿದೆ, ಹೊಸ ಬಣ್ಣ ಯಾವಾಗ, ಬಾಕಿ ಎಷ್ಟಿದೆ, ಇದೆಲ್ಲ ಮಾತಾಡಲು. ನೀವೇ ಅಡ್ಮಿನ್‌ನಲ್ಲಿ (ಸ್ಟೋರ್ ನಡೆಸುವವರ ಪುಟ) ಕೂತು ಆರ್ಡರ್ ಮಾಡಿ. ವೂಕಾಮರ್ಸ್‌ನಲ್ಲಿ ಕೈಯಾರೆ ಆರ್ಡರ್ ಸೇರಿಸಿ ಪ್ರತಿ ಸಾಲಿನ ಬೆಲೆಯನ್ನೂ ಬದಲಿಸಬಹುದು. ಅಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ಶಾಪಿಫೈನಲ್ಲಾದರೆ ಇದಕ್ಕೆ ಡ್ರಾಫ್ಟ್ ಆರ್ಡರ್ ಅನ್ನುತ್ತಾರೆ. ಎರಡರಲ್ಲೂ ದುಡ್ಡು ಕಟ್ಟುವ ಲಿಂಕ್ ಇರುವ ಬಿಲ್ ಇಮೇಲ್‌ನಲ್ಲಿ ಹೋಗುತ್ತದೆ. ಉದ್ರಿ ಕೊಡುತ್ತೀರಿ ಅಂದರೆ ಒಂದು ಮಾತು ನೆನಪಿಡಿ: ವೂಕಾಮರ್ಸ್‌ನಲ್ಲಿ ಅಂಥ ಆರ್ಡರನ್ನು ಪೆಂಡಿಂಗ್ (ದುಡ್ಡು ಬರಬೇಕು) ಅನ್ನುವ ಸ್ಥಿತಿಯಲ್ಲಿ ಬಿಡಬೇಡಿ, ಆನ್ ಹೋಲ್ಡ್ (ತಡೆಹಿಡಿದಿದೆ) ಅನ್ನುವ ಸ್ಥಿತಿಗೆ ಹಾಕಿ. ಪೆಂಡಿಂಗ್‌ನಲ್ಲಿದ್ದರೆ ಸ್ಟಾಕು ಕಡಿಮೆಯಾಗುವುದಿಲ್ಲ. ಡೀಲರಿಗೆ ಎತ್ತಿಟ್ಟ ಮಾಲನ್ನು ಬಿಡಿ ಗಿರಾಕಿ ಕೊಂಡುಬಿಡುತ್ತಾನೆ.

ಡೀಲರುಗಳು ಮೂವತ್ತು ನಲವತ್ತು ದಾಟಿದ ಮೇಲೆ ಬೇರೆ ವ್ಯವಸ್ಥೆ ಬೇಕೇ ಬೇಕು. ಶಾಪಿಫೈನ ಬಿ2ಬಿ (ವ್ಯಾಪಾರಿಗಳಿಗೆ ಮಾರುವ) ವ್ಯವಸ್ಥೆಯಲ್ಲಿ ಪ್ರತಿ ಡೀಲರಿಗೂ ಕಂಪನಿ ಅಂತ ಒಂದು ಖಾತೆ, ಅದಕ್ಕೊಂದು ಬೆಲೆಪಟ್ಟಿ, 30 ದಿನದಲ್ಲಿ ಕಟ್ಟಬೇಕು ಅನ್ನುವಂಥ ಗಡುವು, ಕನಿಷ್ಠ ಎಷ್ಟು ಕೊಳ್ಳಬೇಕು, ಎಷ್ಟೆಷ್ಟರ ಲೆಕ್ಕದಲ್ಲಿ ಏರಬೇಕು ಅನ್ನುವ ನಿಯಮ, ಎಲ್ಲ ಇಡಬಹುದು. ವೂಕಾಮರ್ಸ್‌ನಲ್ಲಿ ಒಂದು ಮಾಲಿಗೆ ಮಾಮೂಲಿ ಬೆಲೆ, ಸೇಲ್ ಬೆಲೆ ಎರಡೇ ಇರುವುದು. ಡೀಲರಿಗೆ ಬೇರೆ ಬೆಲೆ ತೋರಿಸಲು ಪ್ಲಗಿನ್ ಬೇಕು. ನಾನೀಗ ಅದನ್ನೇ ಬಳಸುತ್ತಿದ್ದೇನೆ. ಡೀಲರು ಲಾಗಿನ್ ಆದರೆ ಮಾತ್ರ ಅವನ ಅಂಕಿ ಕಾಣುತ್ತದೆ, 12ರ ಲೆಕ್ಕದಲ್ಲೇ ಆರ್ಡರ್ ಹಾಕಬೇಕು, ಯಾಕೆಂದರೆ ನನ್ನ ಪೆಟ್ಟಿಗೆಯಲ್ಲಿ ಹಿಡಿಸುವುದೇ 12.

ಪ್ಲಗಿನ್ ಹಾಕಿದ ದಿನ ಇದೊಂದು ಮಾಡಿ. ಸೈಟ್ ಬೇಗ ತೆರೆಯಲಿ ಅಂತ ಪುಟಗಳನ್ನು ಕ್ಯಾಶ್ ಮಾಡಿಟ್ಟಿದ್ದರೆ (ಒಮ್ಮೆ ತಯಾರಾದ ಪುಟದ ಪ್ರತಿ ಉಳಿಸಿಟ್ಟು ಅದನ್ನೇ ಮತ್ತೆ ಕೊಡುವುದು), ಡೀಲರು ನೋಡಿದ ಪುಟವೇ ಮುಂದಿನ ಗಿರಾಕಿಗೂ ಹೋಗಬಹುದು, ಡೀಲರ್ ಬೆಲೆ ಸಮೇತ. ಲಾಗಿನ್ ಆದವರ ಪುಟಗಳನ್ನು ಕ್ಯಾಶ್‌ನಿಂದ ಹೊರಗಿಡಿ. ಆಮೇಲೆ ಡೀಲರಾಗಿ ಒಮ್ಮೆ, ಲಾಗಿನ್ ಇಲ್ಲದೆ ಇನ್ನೊಂದು ಬ್ರೌಸರ್‌ನಲ್ಲಿ ಒಮ್ಮೆ, ಸುಮ್ನೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಬಿಟ್ಟು ಹೋದ ಮೂವರಲ್ಲಿ ಒಬ್ಬರು ಮಾತ್ರ ವಾಪಸ್ ಬಂದರು. ಆ ಹಿರಿಯರೂ ಬಂದರು, ಎಂಟು ತಿಂಗಳಾದ ಮೇಲೆ. ಅವರಿಗೂ ಲಾಗಿನ್ ಮಾಡಿಕೊಟ್ಟಿದ್ದೇನೆ, ಒಮ್ಮೆಯೂ ತೆರೆದಿಲ್ಲ. ಫೋನ್ ಮಾಡಿ ಎಷ್ಟು ಡಜನ್ ಬೇಕು ಅಂತ ಹೇಳುತ್ತಾರೆ, ನಾನು ಆರ್ಡರ್ ಹಾಕಿ ಬಿಲ್ ಕಳಿಸುತ್ತೇನೆ.