ಫೈಟಿಂಗ್ ಗೇಮ್‌ನಲ್ಲಿ ಟೈಮಿಂಗ್ ಸರಿಹೋಗಲು ಲಯದ ಅಭ್ಯಾಸ ಸಹಾಯ ಮಾಡುತ್ತದೆಯೇ?

ಟ್ರೈನಿಂಗ್ ಮೋಡ್‌ನಲ್ಲಿ ಬರುವ ಕಾಂಬೊ (ಬಿಡುವಿಲ್ಲದೆ ಒಂದರ ಹಿಂದೆ ಒಂದು ತಗುಲುವ ಏಟುಗಳ ಸರಣಿ) ಮ್ಯಾಚ್‌ನಲ್ಲಿ ಕೈಕೊಡುತ್ತದೆ, ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ಇಟ್ಟುಕೊಂಡು ಅಭ್ಯಾಸ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಲಯದ ಅಭ್ಯಾಸದಿಂದ ಖಂಡಿತ ಸಹಾಯ ಆಗುತ್ತದೆ. ಆದರೆ ಬರೀ ಮೆಟ್ರೊನೋಮ್ ಸಾಲದು. ನಾನು ಬಸವನಗುಡಿಯಲ್ಲಿ ಮೃದಂಗ ಕಲಿತವಳು, ಸ್ಟ್ರೀಟ್ ಫೈಟರ್ 6 ಮತ್ತು ಟೆಕ್ಕೆನ್ 8 ಆಡುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಆಟಗಳು ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರಗಳ ಲೆಕ್ಕದಲ್ಲಿ ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಆಡುವಷ್ಟರಲ್ಲಿ ಹೆಚ್ಚುಕಡಿಮೆ 200 ಮಿಲಿಸೆಕೆಂಡ್, ಅಂದರೆ 12 ಫ್ರೇಮ್ ಕಳೆದಿರುತ್ತದೆ. ಟೆಕ್ಕೆನ್‌ನಲ್ಲಿ ಕಝುಯಾ ಎಂಬ ಪಾತ್ರದ ‘ಎಲೆಕ್ಟ್ರಿಕ್’ ಎಂಬ ಏಟು ಬರಬೇಕಾದರೆ ಕೊನೆಯ ದಿಕ್ಕು ಮತ್ತು ಪಂಚ್ ಎರಡೂ ಒಂದೇ ಫ್ರೇಮ್‌ಗೆ ಬೀಳಬೇಕು. ಅದನ್ನು ನೋಡಿಕೊಂಡು ಒತ್ತಲು ಆಗುವುದಿಲ್ಲ, ಲಯ ಮೊದಲೇ ಕೈಯಲ್ಲಿ ಕೂತಿರಬೇಕು. 2004ರ ಇವೊ ಎಂಬ ಫೈಟಿಂಗ್ ಗೇಮ್ ಟೂರ್ನಿಯಲ್ಲಿ ಆಟಗಾರ ಡೈಗೊ ಉಮೆಹರಾ, ಎದುರಾಳಿ ಜಸ್ಟಿನ್ ವಾಂಗ್ ಬಿಟ್ಟ ಚುನ್-ಲಿ ಪಾತ್ರದ ಸೂಪರ್‌ನ (ವಿಶೇಷ ದಾಳಿಯ) 15 ಏಟುಗಳನ್ನೂ ಪ್ಯಾರಿ ಮಾಡಿದ್ದು, ಅಂದರೆ ಸರಿಯಾದ ಹೊತ್ತಿಗೆ ಒತ್ತಿ ತಡೆದದ್ದು ನೋಡಿದ್ದೀರಲ್ವಾ? ಒಂದೊಂದೇ ಒದೆತ ನೋಡಿ ತಡೆದಿದ್ದರೆ ಅದು ಸಾಧ್ಯವೇ ಇರಲಿಲ್ಲ. ಆ ಸೂಪರ್‌ನ ನಡೆ ಅವರಿಗೆ ಬಾಯಿಪಾಠ ಆಗಿತ್ತು.

ಮೆಟ್ರೊನೋಮ್ ಯಾಕೆ ಸಾಲದು ಅಂದರೆ, ಅದು ಒಂದೇ ಸಮನೆ ಬಡಿಯುತ್ತದೆ. ಕಾಂಬೊ ಹಾಗಿರುವುದಿಲ್ಲ. ಲೈಟ್ ಪಂಚ್ ಬೇಗ ಮುಗಿಯುತ್ತದೆ, ಹೆವಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಇಲ್ಲಿ ಕೊನ್ನಕ್ಕೋಲು, ಅಂದರೆ ಮೃದಂಗದ ಸೊಲ್ಲುಗಳನ್ನು ಬಾಯಲ್ಲಿ ಹೇಳುವುದು, ತುಂಬಾ ಉಪಯೋಗಕ್ಕೆ ಬರುತ್ತದೆ. ನಮ್ಮ ಮೇಷ್ಟ್ರು ಪಾಠವನ್ನು ಬಾಯಲ್ಲಿ ಒಪ್ಪಿಸಿದ ಮೇಲೆಯೇ ಮೃದಂಗ ಮುಟ್ಟಲು ಬಿಡುತ್ತಿದ್ದರು. ನೀವೂ ಹಾಗೇ ಮಾಡಿ. ಎರಡು ಲೈಟ್, ಆಮೇಲೆ ಹೆವಿ ಇದ್ದರೆ ‘ತಕ ತಕ ತಕಿಟ’ ಅಂತ ಹೇಳಿ ನೋಡಿ. ಹೊಂದಲಿಲ್ಲ ಅಂದರೆ ‘ತಕಧಿಮಿ’ ಹಾಕಿ, ನಡುವೆ ಕಾರ್ವೆ (ಸೊಲ್ಲಿಲ್ಲದ ಅಂತರ) ಬಿಡಿ. ಸಂಗೀತ ಕಲಿತಿರಲೇಬೇಕು ಅಂತೇನಿಲ್ಲ, ನಿಮ್ಮದೇ ಉಚ್ಚಾರ ಇದ್ದರೂ ಆಯಿತು. ಬಾಯಿಗೆ ಸಲೀಸಾಗಿ ಬಂದದ್ದು ಕೈಗೂ ಬರುತ್ತದೆ.

ಸರಿಯಾದ ಅಂತರ ಸಿಗಬೇಕಾದರೆ ಆಟದ ಮ್ಯೂಸಿಕ್ ಆಫ್ ಮಾಡಿ, ಏಟಿನ ಸದ್ದು ಮಾತ್ರ ಕೇಳಿಸಿಕೊಳ್ಳಿ. ಏಟು ತಗುಲಿದಾಗ ಆಟ ಒಂದು ಕ್ಷಣ ತಡೆದು ಮುಂದೆ ಹೋಗುತ್ತದೆ. ಅದನ್ನೂ ಸೇರಿಸಿ ಅಂಕಿಯಲ್ಲಿ ಲೆಕ್ಕ ಹಾಕುವುದು ಕಷ್ಟ, ಕಿವಿಗೆ ಸುಲಭ. ವೈರ್ ಇರುವ ಇಯರ್‌ಫೋನ್ ಹಾಕಿ, ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಇನ್ನೊಂದು, ಬಟನ್ ಒತ್ತುವ ಸದ್ದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ. ಕಾಂಬೊ ಬಂದ ಸಲದ್ದು, ತಪ್ಪಿದ ಸಲದ್ದು ಒಂದರ ಹಿಂದೆ ಒಂದು ಕೇಳಿ. ಮ್ಯಾಚ್‌ನಲ್ಲಿ ತಪ್ಪುವುದು ಸಾಮಾನ್ಯವಾಗಿ ಗಾಬರಿಗೆ ಕೈ ಓಡುವುದರಿಂದ. ಓಡಿದ್ದು ಎಲ್ಲಿ ಅಂತ ನಿಮ್ಮ ಕಿವಿಗೇ ಸಿಕ್ಕಿಬಿಡುತ್ತದೆ.

ಮೃದಂಗದ ಹಾಗೆ ಮೊದಲ ಕಾಲದಲ್ಲಿ ನಿಧಾನವಾಗಿ ಶುರು ಮಾಡೋಣ ಅಂದರೆ ಮಾಮೂಲಿ ವೇಗದ ಆಟ ಒಪ್ಪುವುದಿಲ್ಲ, ಏಟುಗಳ ನಡುವಿನ ಲಿಂಕ್ ಬಿಟ್ಟುಹೋಗುತ್ತದೆ. ಹಾಗಾಗಿ ನಿಧಾನದ ಅಭ್ಯಾಸ ಬಾಯಲ್ಲಿ, ಮೇಜಿನ ಮೇಲೆ ಇರಲಿ. ಆಟದಲ್ಲಿ ಪೂರ್ತಿ ವೇಗದಲ್ಲೇ ಒತ್ತಿ, ಆದರೆ ಎರಡೆರಡು ಏಟಿನ ತುಂಡು ಮಾಡಿಕೊಂಡು.

ಇಷ್ಟಾದ ಮೇಲೆ ಲಯ ಮುರಿಯುವುದನ್ನೂ ಕಲಿಯಿರಿ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ, ನನಗೆ ಇದೇ ಮುಖ್ಯ ಅನ್ನಿಸುತ್ತದೆ. ನೀವು ಯಾವಾಗಲೂ ಒಂದೇ ನಡೆಯಲ್ಲಿ ಹೊಡೆಯುತ್ತಿದ್ದರೆ ಎದುರಾಳಿ ಅದನ್ನೇ ಹಿಡಿದುಕೊಳ್ಳುತ್ತಾನೆ. ಅವನು ಬ್ಲಾಕ್ ಮಾಡುತ್ತಿರುವಾಗ ಎರಡನೇ ಏಟನ್ನು ಮೂರ್ನಾಲ್ಕು ಫ್ರೇಮ್ ತಡಮಾಡಿ. ತನ್ನ ಸರದಿ ಬಂತು ಅಂದುಕೊಂಡು ಬಟನ್ ಒತ್ತುತ್ತಾನೆ, ಕೌಂಟರ್ ಹಿಟ್ (ತಾನು ಹೊಡೆಯಲು ಹೋದಾಗಲೇ ತಗುಲುವ ಏಟು) ತಿನ್ನುತ್ತಾನೆ. ಫ್ರೇಮ್ ಟ್ರ್ಯಾಪ್ ಅಂದರೆ ಇದೇ. ಸ್ಟ್ರೀಟ್ ಫೈಟರ್ 6ರ ಟ್ರೈನಿಂಗ್ ಮೋಡ್‌ನಲ್ಲಿ ಫ್ರೇಮ್ ಮೀಟರ್ ಆನ್ ಮಾಡಿ ಅಭ್ಯಾಸ ಮಾಡಿದರೆ ನೀವು ಬಿಟ್ಟ ಅಂತರ ಎಷ್ಟು ಅಂತ ಅಲ್ಲೇ ಕಾಣುತ್ತದೆ.